ಇಳಿಜಾರನ್ನು ತಿಳಿಯುವ ಪಾದ

ಕಾಲು ಕಳೆದುಕೊಂಡವನು ಕೃತಕ ಕಾಲು ಹಾಕಿಕೊಂಡು ನಡೆಯುತ್ತಾನೆಯೇ ಎಂದು ಕೇಳುವವರು ಬಹಳ ಮಂದಿ. ಎಲ್ಲಿ ನಡೆಯುತ್ತಾನೆ, ಹೇಗೆ ನಡೆಯುತ್ತಾನೆ, ಸಂಜೆ ಮನೆ ಸೇರುವಾಗ ಅವನಲ್ಲಿ ಎಷ್ಟು ತ್ರಾಣ ಉಳಿದಿರುತ್ತದೆ ಎಂದು ಕೇಳುವವರು ಕಡಿಮೆ. ಆಸ್ಪತ್ರೆಯ ನುಣುಪು ನೆಲದ ಮೇಲೆ ಹತ್ತು ಹೆಜ್ಜೆ ಹಾಕಿಸಿ, ನಡೆಯಬಲ್ಲನು ಎಂದು ಬರೆದುಕೊಡುವುದನ್ನು ನಾವು ಹಲವು ಸಲ ಕಂಡಿದ್ದೇವೆ. ಆ ಹತ್ತು ಹೆಜ್ಜೆ ಸುಳ್ಳಲ್ಲ. ಆದರೆ ಚಹಾ ತೋಟದ ಏರು, ಹೊಲದ ಬದು, ಕಾರ್ಖಾನೆಯ ಕಬ್ಬಿಣದ ಮೆಟ್ಟಿಲು, ಬಸ್ಸಿನ ಫುಟ್‌ಬೋರ್ಡು ಇವು ಯಾವುವೂ ಆಸ್ಪತ್ರೆಯ ನೆಲದಂತಿಲ್ಲ.

ಮೋಟರು, ಬ್ಯಾಟರಿ, ಪುಟ್ಟ ಕಂಪ್ಯೂಟರು ಇಟ್ಟ ಕೃತಕ ಕಣಕಾಲಿನ ವಿಷಯವಾಗಿ ಪತ್ರಿಕೆಗಳಲ್ಲಿ ಓದಿದ ಕೆಲವು ವಾಚಕರು, ಇದು ನಿಜವೇ, ನಮ್ಮಂಥವರಿಗೆ ಇದರಿಂದ ಏನು ಪ್ರಯೋಜನ ಎಂದು ಕೇಳಿದ್ದಾರೆ. ನಿಜವೇ. ಪ್ರಯೋಜನದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮೊದಲು ದೇವರು ಕೊಟ್ಟ ಕಣಕಾಲು ಏನು ಮಾಡುತ್ತದೆ ನೋಡೋಣ. ಹಿಮ್ಮಡಿ ನೆಲಕ್ಕೆ ತಗಲಿದ ಕೂಡಲೇ ಅದು ಪಾದವನ್ನು ಮೆಲ್ಲನೆ ಇಳಿಸುತ್ತದೆ. ಮೈಯ ಭಾರ ಮುಂದೆ ಸರಿಯುವಾಗ ಮೀನಖಂಡದ ಸ್ನಾಯುವನ್ನು ಬಿಲ್ಲಿನಂತೆ ಬಿಗಿದಿಟ್ಟು, ಕೊನೆಗೆ ಬೆರಳ ತುದಿಯಿಂದ ನೆಲವನ್ನು ಒದ್ದು ನಮ್ಮನ್ನು ಮುಂದಕ್ಕೆ ನೂಕುತ್ತದೆ. ಕಾಲು ಗಾಳಿಯಲ್ಲಿ ತೂಗಿ ಮುಂದೆ ಬರುವಾಗ ಬೆರಳನ್ನು ಮೇಲಕ್ಕೆತ್ತುತ್ತದೆ. ಆಗ ಬೆರಳಿಗೂ ನೆಲಕ್ಕೂ ಇರುವ ಅಂತರ 1 ಅಥವಾ 2 ಸೆಂಟಿಮೀಟರ್ ಮಾತ್ರ. ಅಷ್ಟರಲ್ಲಿಯೇ ನಾವೆಲ್ಲರೂ ದಿನವಿಡೀ ಎಡವದೆ ನಡೆಯುತ್ತಿದ್ದೇವೆ. ಏರು ಬಂದರೆ, ಇಳಿಜಾರು ಬಂದರೆ ಆ ಕೀಲು ನಮ್ಮನ್ನು ಕೇಳದೆಯೇ ತನ್ನ ಕೋನವನ್ನು ಬದಲಿಸಿಕೊಳ್ಳುತ್ತದೆ.

1950ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ರೂಪಗೊಂಡು ಲೋಕದಲ್ಲೆಲ್ಲ ಹರಡಿದ ಸ್ಯಾಚ್ ಪಾದದಲ್ಲಿ ಇದೊಂದೂ ಇಲ್ಲ. ಕೀಲೇ ಇಲ್ಲ. ಹಿಮ್ಮಡಿಯಲ್ಲಿ ಮೆತ್ತನೆಯ ರಬ್ಬರಿನ ತುಂಡು, ಮಿಕ್ಕದ್ದೆಲ್ಲ ಗಟ್ಟಿ. ಅಗ್ಗ, ಬಾಳಿಕೆಯದು, ಸಮನೆಲದ ಮೇಲೆ ಸಾಲುತ್ತದೆ. ಇಳಿಜಾರಿನಲ್ಲಿಯೋ, ಪಾದ ಬಾಗದಿರುವುದರಿಂದ ಮೊಣಕಾಲು ಮುಂದಕ್ಕೆ ತಳ್ಳಲ್ಪಟ್ಟು ಕುಸಿಯುವ ಹಾಗಾಗುತ್ತದೆ. ಏರಿನಲ್ಲಿ ಅದೇ ಮೊಣಕಾಲು ಹಿಂದಕ್ಕೆ ಒತ್ತಲ್ಪಡುತ್ತದೆ. ಆದುದರಿಂದಲೇ ಇಂಥ ಕಾಲಿನವರು ಇಳಿಯುವಾಗ ಅಡ್ಡಡ್ಡಲಾಗಿ ಹೆಜ್ಜೆ ಇಡುತ್ತಾರೆ. ಅದನ್ನು ನೋಡಿ ಅಂಜುಬುರುಕರೆಂದು ನಗುವವರಿಗೆ ಕಾರಣ ತಿಳಿದಿರಲಿ.

ನಮ್ಮ ದೇಶದವರು ಇದಕ್ಕೆ ಕೊಟ್ಟ ಉತ್ತರ ಜೈಪುರ ಕಾಲು. 1960ರ ದಶಕದ ಕೊನೆಗೆ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಡಾಕ್ಟರ್ ಪಿ. ಕೆ. ಸೇಠಿಯವರೂ ಕುಶಲಕರ್ಮಿ ರಾಮಚಂದ್ರ ಶರ್ಮರೂ ಸೇರಿ ರಬ್ಬರು ಮತ್ತು ಮರದಿಂದ ಮಾಡಿದ ಪಾದವಿದು. ಕುಕ್ಕರಗಾಲಿನಲ್ಲಿ ಕೂರಬಹುದು, ಬರಿಗಾಲಿನಲ್ಲಿ ಕೆಸರು ಗದ್ದೆಗೆ ಇಳಿಯಬಹುದು. 1975ರಿಂದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯು ಇದನ್ನು ಉಚಿತವಾಗಿ ಹಂಚುತ್ತಾ ಬಂದಿದೆ. 1981ರಲ್ಲಿ ಸೇಠಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕೈಯಿಂದ ಕೆಲಸ ಮಾಡಿದ ಶರ್ಮರ ಹೆಸರು ಅಷ್ಟು ಜನರಿಗೆ ಗೊತ್ತಿಲ್ಲ. ಕಾರ್ಮಿಕರಾದ ನಾವಾದರೂ ನೆನಪಿನಲ್ಲಿಟ್ಟುಕೊಳ್ಳೋಣ.

ಪಶ್ಚಿಮ ದೇಶಗಳಲ್ಲಿ ದಾರಿ ಬೇರೆ ಹಿಡಿಯಿತು. 1976ರಲ್ಲಿ ಕಾಲು ಕಳೆದುಕೊಂಡ ವ್ಯಾನ್ ಫಿಲಿಪ್ಸ್ ಎಂಬ ಅಮೆರಿಕನ್ ಯುವಕನು ಕಾರ್ಬನ್ ನಾರಿನಿಂದ ಸ್ಪ್ರಿಂಗಿನಂತೆ ಬಾಗಿ ಚಿಮ್ಮುವ ಪಾದವನ್ನು ಮಾಡಿದನು. ಓಟಗಾರರು ಹಾಕುವ ಬಾಗಿದ ಪಟ್ಟಿ ಇದರ ವಂಶದ್ದೇ. ಆದರೆ ಸ್ಪ್ರಿಂಗು ಎಷ್ಟೇ ಒಳ್ಳೆಯದಾದರೂ ನಾವು ಕೊಟ್ಟದ್ದಕ್ಕಿಂತ ಹೆಚ್ಚು ಹಿಂದಕ್ಕೆ ಕೊಡದು. ಸ್ನಾಯು ಕೊಡುತ್ತಿತ್ತು.

ಇನ್ನು ಬುದ್ಧಿಯುಳ್ಳ ಕಣಕಾಲಿನ ಮಾತು. ಇದರಲ್ಲಿ ಎರಡು ಜಾತಿ. ಪತ್ರಿಕೆಗಳು ಎರಡನ್ನೂ ಕಲಸಿ ಬರೆಯುವುದರಿಂದ ಓದುಗರಿಗೆ ಗೊಂದಲವಾಗುತ್ತದೆ.

ಒಂದನೆಯದು ಹೊಂದಿಕೊಳ್ಳುವ ಜಾತಿ. ಐಸ್‌ಲೆಂಡಿನ ಓಸುರ್ ಕಂಪನಿಯು 2006ರಲ್ಲಿ ತಂದ ಪ್ರೊಪ್ರಿಯೋ ಪಾದ ಇಂಥದು. ಅದರೊಳಗಿನ ಸಂವೇದಕಗಳು ಹೆಜ್ಜೆಯ ಚಲನೆಯನ್ನು ಅಳೆದು, ನೆಲ ಏರಾಗಿದೆಯೋ ಇಳಿಜಾರಾಗಿದೆಯೋ ಮೆಟ್ಟಿಲೋ ಎಂದು ತಿಳಿದು, ಕಾಲು ಗಾಳಿಯಲ್ಲಿರುವಾಗಲೇ ಮೋಟರಿನಿಂದ ಪಾದದ ಕೋನವನ್ನು ತಿರುಗಿಸುತ್ತವೆ, ಬೆರಳನ್ನು ಎತ್ತುತ್ತವೆ. ಬ್ರಿಟನ್ನಿನ ಬ್ಲ್ಯಾಚ್‌ಫರ್ಡ್ ಕಂಪನಿಯ ಎಲಾನ್ ಪಾದದಲ್ಲಿ ಎಣ್ಣೆಯ ಕವಾಟವಿದೆ. ಇಳಿಯುವಾಗ ಬಿಗಿ, ಏರುವಾಗ ಸಡಿಲ ಎಂದು ಕಂಪ್ಯೂಟರು ಅದನ್ನು ಹೊಂದಿಸುತ್ತದೆ. ಈ ಜಾತಿಯ ಪಾದಗಳು ನಮ್ಮನ್ನು ಮುಂದಕ್ಕೆ ನೂಕುವುದಿಲ್ಲ. ಎಡವುವ ಭಯವನ್ನು ಕಡಿಮೆ ಮಾಡುತ್ತವೆ, ಮೊಣಕಾಲನ್ನೂ ಮೋಟನ್ನೂ ಒತ್ತಡದಿಂದ ಉಳಿಸುತ್ತವೆ.

ಎರಡನೆಯದು ನೂಕುವ ಜಾತಿ. 1982ರಲ್ಲಿ ಅಮೆರಿಕದ ವಾಷಿಂಗ್ಟನ್ ಪರ್ವತದಲ್ಲಿ ಹಿಮಕ್ಕೆ ಸಿಕ್ಕಿ ಎರಡೂ ಕಾಲುಗಳನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡ ಹ್ಯೂ ಹರ್ ಎಂಬವರು ಮುಂದೆ ಎಂ.ಐ.ಟಿ.ಯಲ್ಲಿ ಪ್ರಾಧ್ಯಾಪಕರಾಗಿ, ಮೀನಖಂಡದ ಕೆಲಸವನ್ನು ಮೋಟರಿನಿಂದ ಮಾಡಿಸುವ ಕಣಕಾಲನ್ನು ಕಟ್ಟಿದರು. ಅವರೂ ಅಲೀನಾ ಗ್ರಬೋವ್‌ಸ್ಕಿಯವರೂ 2012ರಲ್ಲಿ ಲಂಡನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ ಪ್ರಕಾರ, ಸಾಮಾನ್ಯ ಸ್ಪ್ರಿಂಗಿನ ಪಾದಕ್ಕೆ ಹೋಲಿಸಿದರೆ ನಡೆಯಲು ಬೇಕಾದ ಶಕ್ತಿ ಶೇಕಡಾ 8ರಷ್ಟು ಇಳಿಯಿತು, ತಾವಾಗಿ ಆರಿಸಿಕೊಂಡ ನಡಿಗೆಯ ವೇಗ ಶೇಕಡಾ 23ರಷ್ಟು ಹೆಚ್ಚಿತು, ಮುಂದಿಟ್ಟ ಸ್ವಂತ ಕಾಲಿನ ದುಡಿಮೆ ಶೇಕಡಾ 10ರಷ್ಟು ತಗ್ಗಿತು. ಆದರೆ ಪರೀಕ್ಷೆಗೆ ಒಳಗಾದವರು ಬೆರಳೆಣಿಕೆಯ ಜನ. ಅನಂತರದ ಪರೀಕ್ಷೆಗಳಲ್ಲಿ ಎಲ್ಲರಿಗೂ ಇಷ್ಟು ಲಾಭ ಕಾಣಲಿಲ್ಲ. ಯಂತ್ರವನ್ನು ಆಯಾ ಮನುಷ್ಯನಿಗೆ ಹೊಂದಿಸುವುದರ ಮೇಲೆಯೂ ಅವನಿಗೆ ಸಿಗುವ ಅಭ್ಯಾಸದ ಮೇಲೆಯೂ ಬಹಳಷ್ಟು ನಿಂತಿದೆ.

ಮೇಲಿನ ಲೆಕ್ಕದಲ್ಲಿ ನಮ್ಮ ಕಣ್ಣಿಗೆ ಬಿದ್ದದ್ದು ವೇಗವಲ್ಲ, ಕೊನೆಯ ಅಂಕಿ. ಕೃತಕ ಕಾಲು ನೂಕದೆ ಇದ್ದಾಗ ಇನ್ನೊಂದು ಕಾಲು ಇಬ್ಬರ ಕೆಲಸ ಮಾಡುತ್ತದೆ. ವರ್ಷಗಳು ಕಳೆದಂತೆ ಆ ಗಟ್ಟಿ ಕಾಲಿನ ಮಂಡಿ ಸವೆಯುತ್ತದೆ, ಸೊಂಟ ಹಿಡಿಯುತ್ತದೆ. ಮೂವತ್ತನೆಯ ವಯಸ್ಸಿನಲ್ಲಿ ಪ್ರೆಸ್ಸಿಗೆ ಕಾಲು ಕೊಟ್ಟವನು ಐವತ್ತರಲ್ಲಿ ಕೂರುವುದು ಹೋದ ಕಾಲಿನಿಂದಲ್ಲ, ಉಳಿದ ಕಾಲಿನಿಂದ. ಪರಿಹಾರದ ಪಟ್ಟಿಯಲ್ಲಿಯೋ, 1923ರ ಕಾಯಿದೆಯ ಕಾಲದಿಂದಲೂ ಕಾಲು ಎಲ್ಲಿ ತುಂಡಾಯಿತು, ಮೋಟು ಎಷ್ಟು ಉದ್ದ ಉಳಿಯಿತು ಎಂಬುದರ ಮೇಲೆ ಶೇಕಡಾ ಕಟ್ಟುತ್ತಾರೆ. ಉಳಿದ ಕಾಲಿಗೆ ಅದರಲ್ಲಿ ಅಂಕಣವಿಲ್ಲ.

ಹಾಗೆಂದು ಮೋಟರಿನ ಪಾದಕ್ಕಾಗಿ ಯಾರೂ ಹೊಲ ಅಡವು ಇಡಬಾರದು. ಅದರ ತೂಕ ಸುಮಾರು 2 ಕಿಲೋ. ಹೋದ ಕಾಲಿನ ತೂಕವೂ ಕಡಿಮೆಯದಲ್ಲ. ಆದರೆ ಅದು ಎಲುಬಿಗೆ ಅಂಟಿಕೊಂಡಿತ್ತು. ಇದೋ, ಮೋಟಿನ ಚರ್ಮದಿಂದ ಜೋತಾಡುತ್ತದೆ. ದಿನವೂ ಬ್ಯಾಟರಿ ತುಂಬಬೇಕು. ಮಳೆ, ಕೆಸರು, ಧೂಳು ಅದಕ್ಕೆ ಹಿತವಲ್ಲ. ಇಂಥ ಪಾದಗಳಲ್ಲಿ ಹೆಚ್ಚಿನವು ಬೂಟು ಹಾಕಿ ಕುರ್ಚಿಯಲ್ಲಿ ಕೂರುವವರನ್ನು ಮನಸ್ಸಿನಲ್ಲಿಟ್ಟು ಮಾಡಿದವು. ಕುಕ್ಕರಗಾಲಿನ ಯೋಚನೆ ಅವರಿಗಿಲ್ಲ. ಕೆಟ್ಟುಹೋದರೆ ರಿಪೇರಿಗೆ ಎಲ್ಲಿಗೆ ಹೋಗುವುದು?

ನಮ್ಮ ಅಭಿಪ್ರಾಯದಲ್ಲಿ ನಮಗೆ ಬೇಕಾದದ್ದು ಮೊದಲನೆಯ ಜಾತಿ, ಅದರಲ್ಲಿಯೂ ಬ್ಯಾಟರಿ ಇಲ್ಲದ್ದು. ಎಣ್ಣೆ ಮತ್ತು ಕವಾಟದಿಂದಲೇ ಬಾಗುವ, ಕಂಪ್ಯೂಟರಿಲ್ಲದ ಕಣಕಾಲುಗಳು ಇವೆ. ಬುದ್ಧಿ ಸ್ವಲ್ಪ ಕಡಿಮೆ, ಆದರೆ ಇಳಿಜಾರಿಗೆ ತಲೆಬಾಗುತ್ತವೆ. ಇದನ್ನು ಅಗ್ಗವಾಗಿ ಮಾಡುವ ಶಕ್ತಿ ನಮ್ಮ ದೇಶಕ್ಕಿಲ್ಲವೆಂದು ಹೇಳುವ ಹಾಗಿಲ್ಲ. 2022ರಲ್ಲಿ ತಿರುವನಂತಪುರದ ವಿಕ್ರಂ ಸಾರಾಭಾಯಿ ಕೇಂದ್ರದವರು ಕಂಪ್ಯೂಟರಿನಿಂದ ನಡೆಯುವ ಕೃತಕ ಮೊಣಕಾಲನ್ನು ಮಾಡಿ, ಹೊರದೇಶದ್ದು 10 ಲಕ್ಷದಿಂದ 60 ಲಕ್ಷವಾದರೆ ತಮ್ಮದು 4-5 ಲಕ್ಷಕ್ಕೆ ಸಿಗಬಹುದೆಂದರು. 2025ರ ಜುಲೈಯಲ್ಲಿ ತೆಲಂಗಾಣದ ಬೀಬಿನಗರದ ಏಮ್ಸ್ ಆಸ್ಪತ್ರೆಯೂ ರಕ್ಷಣಾ ಸಂಶೋಧನೆಯವರೂ ಸೇರಿ ಕಾರ್ಬನ್ ಪಾದವನ್ನು ತೋರಿಸಿದರು. ಆಮದಾದದ್ದು ಸುಮಾರು 2 ಲಕ್ಷ, ಇದು 20,000 ರೂಪಾಯಿಯೊಳಗೆ ಎಂದು ಅಂದಾಜು. ರಾಕೆಟ್ಟು ಹಾರಿಸುವವರ ಕೈಗೆ ಒಂದು ಕಣಕಾಲಿನ ಕವಾಟ ದೊಡ್ಡದಲ್ಲ.

ಅಷ್ಟರವರೆಗೆ ನಮ್ಮ ಕೈಯಲ್ಲಿರುವ ಕೆಲಸವಿದೆ. ಕಾಲು ಅಳವಡಿಸುವ ದಿನ ಜೊತೆಗೆ ಹೋದವರು ಏರಿನಲ್ಲಿಯೂ ಮೆಟ್ಟಿಲಿನಲ್ಲಿಯೂ ನಡೆಸಿ ನೋಡಿರೆಂದು ಕೇಳಿರಿ. ಸಾಕೆಟ್ಟು ಸರಿಯಾಗಿ ಕೂರದಿದ್ದರೆ ಎಂಥ ಪಾದವೂ ವ್ಯರ್ಥ. ಮೊದಲ ವರ್ಷದಲ್ಲಿ ಮೋಟು ಕುಗ್ಗುವುದರಿಂದ ಸಾಕೆಟ್ಟು ಬದಲಾಗಲೇಬೇಕು. ಒಮ್ಮೆ ಕೊಟ್ಟಾಯಿತೆಂದು ಹೇಳಿ ಕಳುಹಿಸಿದರೆ ಒಪ್ಪಬೇಡಿರಿ. ಸಂಘಗಳಲ್ಲಿ ಮುಂದಿನ ಒಪ್ಪಂದದ ಕರಡು ಬರೆಯುವವರು ಕೃತಕ ಕಾಲು ಎಂಬ ಎರಡು ಪದಗಳ ಮುಂದೆ ಸಾಕೆಟ್ಟಿನ ಬದಲಾವಣೆ, ಸವೆದ ಪಾದಕ್ಕೆ ಹೊಸದು, ನಡಿಗೆ ಕಲಿಯುವ ದಿನಗಳಿಗೆ ಪೂರ್ಣ ಸಂಬಳ ಎಂಬ ಮೂರನ್ನೂ ಸೇರಿಸಲಿ.