ಯಾರ ತೋಳಿಗಾದರೂ ಬರುವ ಕೂಸು

ಕಳೆದ ವಾರ ಗ್ರಂಥಾಲಯದಲ್ಲಿ ಕಿರಿಯ ಪ್ರಶಿಕ್ಷಣಾರ್ಥಿಯೊಬ್ಬಳು ಬಂದು ಪಕ್ಕದಲ್ಲಿ ಕೂತಳು. "ಅಕ್ಕಾ, ರಜೆಯಲ್ಲಿ ಮೂರು ವಾರ ಉಗಾಂಡಾಕ್ಕೆ ಹೋಗ್ತಿದ್ದೀನಿ. ಚಿಕ್ಕಪ್ಪ ಕಂಪಾಲಾದಲ್ಲಿದ್ದಾರೆ. ಅಲ್ಲಿ ಮಿಷನರಿಗಳು ನಡೆಸೋ ಅನಾಥ ಶಿಶುಗಳ ಮನೆ ಇದೆಯಂತೆ, ಕೂಸುಗಳನ್ನು ಎತ್ತಿಕೊಂಡು ಆಡಿಸೋಕೆ ಜನ ಬೇಕಂತೆ. ನೀವೂ ಮಾಡಿದ್ರಲ್ಲ, ಹೇಗಿರುತ್ತೆ?" ಎಂದಳು. ಚೆನ್ನಾಗಿರುತ್ತದೆ ಎಂದು ಹೇಳಿ ಕಳಿಸುವುದು ಸುಲಭವಿತ್ತು. ನನಗೆ ನಿಜಕ್ಕೂ ಚೆನ್ನಾಗಿತ್ತು. ತೊಂದರೆ ಇರುವುದೇ ಅಲ್ಲಿ.

ಬಿ.ಇಡಿ.ಗೆ ಸೇರುವ ಮೊದಲು, ಯಜಮಾನರ ಕೆಲಸದ ನಿಮಿತ್ತ ನಾನು ಕಂಪಾಲಾದಲ್ಲಿದ್ದೆ. ಮನೆಯಲ್ಲಿ ಹೊತ್ತು ಹೋಗುತ್ತಿರಲಿಲ್ಲ. ಪರಿಚಯದವರೊಬ್ಬರು ಊರಾಚೆಯ ಒಂದು ಶಿಶುಗೃಹಕ್ಕೆ ಕರೆದೊಯ್ದರು. ನಾಲ್ಕು ತಿಂಗಳು, ವಾರಕ್ಕೆರಡು ದಿನ ಹೋದೆ. ಅಲ್ಲಿನ ಆಯಾಗಳನ್ನು ಎಲ್ಲರೂ 'ಮಾಮಾ' ಎನ್ನುತ್ತಿದ್ದರು. ಲುಗಾಂಡ ಭಾಷೆಯಲ್ಲಿ ಹಾಗೆಂದರೆ ಅಮ್ಮ (ಮೊದಲ ದಿನ ನನಗೆ ನಮ್ಮ ಸೋದರಮಾವಂದಿರು ನೆನಪಾಗಿ ನಗು ಬಂದಿತ್ತು). ಒಬ್ಬೊಬ್ಬ ಮಾಮಾಗೆ ಏಳೆಂಟು ಕೂಸು. ಅವರು ಬಟ್ಟೆ ಒಗೆಯುತ್ತ, ಬಾಟಲಿ ಕುದಿಸುತ್ತ ಓಡಾಡುತ್ತಿದ್ದರು. ಕೂಸುಗಳನ್ನು ಎತ್ತಿಕೊಳ್ಳುತ್ತಿದ್ದವರು ನಾವು, ಅಂದರೆ ಬಂದು ಹೋಗುವವರು.

ಹದಿನಾಲ್ಕು ತಿಂಗಳ ಒಂದು ಹೆಣ್ಣುಮಗು ಮೊದಲ ದಿನವೇ ನನ್ನತ್ತ ಎರಡೂ ಕೈ ಚಾಚಿತು. ಎಷ್ಟು ಬೇಗ ಹೊಂದಿಕೊಂಡಿತು ಎಂದು ಹಿಗ್ಗಿದೆ. ಅದೇ ಸಮಯದಲ್ಲಿ ನಮ್ಮ ಮನೆಯೊಡತಿಯ ಮಗು, ಹೆಚ್ಚೂಕಡಿಮೆ ಅದೇ ವಯಸ್ಸಿನದು, ನನ್ನನ್ನು ಕಂಡರೆ ಕಿರುಚಿ ತಾಯಿಯ ಸೀರಣಿಗೆಯಂತೆ ಅಂಟಿಕೊಳ್ಳುತ್ತಿತ್ತು. ಒಂದು ತಿಂಗಳಾದರೂ ಹತ್ತಿರ ಬರಲಿಲ್ಲ. ಈ ಮಗುವಿಗೆ ಸರಿಯಾಗಿ ರೂಢಿ ಮಾಡಿಸಿಲ್ಲ ಎಂದು ಊರಿಗೆ ಫೋನ್ ಮಾಡಿದಾಗ ಅಮ್ಮನ ಬಳಿ ಹೇಳಿದ್ದೂ ಉಂಟು.

ಇಲ್ಲಿಗೆ ಬಂದ ಮೇಲೆ, ಬಾಲ್ಯ ಮತ್ತು ವಿಕಾಸದ ಪತ್ರಿಕೆಯಲ್ಲಿ ಮೇರಿ ಐನ್ಸ್‌ವರ್ತ್ ಎಂಬ ಹೆಸರು ಬಂತು. ಪರೀಕ್ಷೆಗೆಂದು ನಾವೆಲ್ಲ 'ಅಪರಿಚಿತ ಸನ್ನಿವೇಶ' ಪ್ರಯೋಗವನ್ನು ಬಾಯಿಪಾಠ ಮಾಡುತ್ತೇವೆ. ಆದರೆ ಆಕೆಯ ಕೆಲಸ ಶುರುವಾದದ್ದು ಅಮೆರಿಕದ ಪ್ರಯೋಗಾಲಯದಲ್ಲಲ್ಲ, ಕಂಪಾಲಾದ ಸುತ್ತಲಿನ ಹಳ್ಳಿಗಳಲ್ಲಿ, 1954-55ರಲ್ಲಿ. ಆಕೆಯೂ ಗಂಡನ ಕೆಲಸದ ಕಾರಣಕ್ಕೇ ಅಲ್ಲಿಗೆ ಹೋದವಳು! 26 ಕುಟುಂಬಗಳ ಮನೆಗಳಿಗೆ ತಿಂಗಳುಗಟ್ಟಲೆ ಮತ್ತೆ ಮತ್ತೆ ಹೋಗಿ, ಕೂಸುಗಳು ಯಾರ ಬಳಿ ಅಳುತ್ತವೆ, ಯಾರ ಬಳಿ ಸುಮ್ಮನಾಗುತ್ತವೆ, ಯಾರನ್ನು ಬಿಟ್ಟು ತೆವಳಿ ಹೋಗಿ ಮತ್ತೆ ಯಾರ ಬಳಿ ಮರಳುತ್ತವೆ ಎಂದು ನೋಡಿ ಬರೆದಳು. ಆ ಪುಸ್ತಕ 1967ರಲ್ಲಿ ಬಂತು. ಅಪರಿಚಿತರನ್ನು ಕಂಡು ಅಳುವುದು, ತನ್ನವರನ್ನು ಬಿಡದಿರುವುದು ಕೂಸಿಗೆ 'ತನ್ನವರು' ಇದ್ದಾರೆ ಎಂಬುದರ ಗುರುತು. ಯಾರ ತೋಳಿಗಾದರೂ ಹೋಗುವುದು ಸಂಸ್ಥೆಗಳಲ್ಲಿ ಬೆಳೆದ ಮಕ್ಕಳಲ್ಲಿ ಸಂಶೋಧಕರು ಮತ್ತೆ ಮತ್ತೆ ಕಂಡ ಲಕ್ಷಣ. ಓದಿ ಪುಸ್ತಕ ಮುಚ್ಚಿದೆ. ನಾನು ಎರಡೂ ಮಕ್ಕಳನ್ನು ತಿರುಗಾಮುರುಗಾ ಓದಿದ್ದೆ.

ಬೋಧನಾಭ್ಯಾಸದ ಕೊನೆಯ ದಿನ ಎಂಟನೇ ತರಗತಿಯ ಮಕ್ಕಳು ಅತ್ತದ್ದನ್ನು ನಾವೆಲ್ಲ ಡೈರಿಯಲ್ಲಿ ಸಾಧನೆಯಂತೆ ಬರೆದುಕೊಂಡೆವಲ್ಲ? ಅದರಿಂದ ಆ ಮಕ್ಕಳಿಗೆ ಕೆಡುಕಾಗಲಿಲ್ಲ. ಮರುದಿನ ಅವರ ಟೀಚರ್ ಅದೇ ತರಗತಿಗೆ ಬಂದರು, ಸಂಜೆ ಮನೆಯಲ್ಲಿ ಅಮ್ಮ ಇದ್ದಳು. ಆ ಹೆಣ್ಣುಮಗುವಿಗೆ ನನ್ನ ಮರುದಿನ ಮತ್ತೊಬ್ಬರು, ಅವರ ನಂತರ ಇನ್ನೊಬ್ಬರು.

ಆಕೆಗೆ ಅಜ್ಜಿ ಇದ್ದಳು, ಅದನ್ನು ಹೇಳಲೇಬೇಕು. ಹೆರಿಗೆಯಲ್ಲಿ ತಾಯಿ ತೀರಿಕೊಂಡಿದ್ದಳು, ಪುಡಿಹಾಲು ಕೊಳ್ಳುವ ಶಕ್ತಿ ಮನೆಯಲ್ಲಿರಲಿಲ್ಲ, ಹಾಗಾಗಿ ತಂದುಬಿಟ್ಟಿದ್ದರು. ಅಜ್ಜಿ ಎರಡು ಸಲ ನಡೆದುಕೊಂಡು ಬಂದು ಬೆಂಚಿನ ಮೇಲೆ ಕೂತು ಹೋದಳು. ಮಗುವಿಗೆ ಆಕೆಯೂ ನನ್ನ ಹಾಗೆ ಒಬ್ಬ ಅತಿಥಿ. ಆ ಹಾಲಿನ ಡಬ್ಬಿ ಮಗುವಿದ್ದ ಮನೆಗೇ ಹೋಗಿದ್ದರೆ ಎಂದು ಆಗ ನನಗೆ ಹೊಳೆಯಲಿಲ್ಲ.

ಆ ಮಿಷನರಿಗಳನ್ನು ನಾನು ಹಗುರಾಗಿ ಕಾಣುವುದಿಲ್ಲ. ಜ್ವರ ಬಂದ ಕೂಸಿನ ಪಕ್ಕ ರಾತ್ರಿಯಿಡೀ ಕೂತ ನರ್ಸ್ ಒಬ್ಬರನ್ನು ಕಣ್ಣಾರೆ ಕಂಡಿದ್ದೇನೆ. ಅವರಿಲ್ಲದಿದ್ದರೆ ಕೆಲವು ಕೂಸುಗಳು ಬದುಕುತ್ತಲೇ ಇರಲಿಲ್ಲ. ಯಾರೂ ಎತ್ತಿಕೊಳ್ಳದಿರುವುದಕ್ಕಿಂತ ಯಾರಾದರೂ ಎತ್ತಿಕೊಳ್ಳುವುದು ಮೇಲಲ್ಲವೇ ಎಂದು ಅವರು ಕೇಳಿದರೆ ಆ ಪ್ರಶ್ನೆಗೆ ತೂಕವಿದೆ. ಆದರೆ ಎತ್ತಿಕೊಳ್ಳಲು ಮಾಮಾ ಇದ್ದರು, ಅವರ ಕೈ ಬಿಡುವಿರಲಿಲ್ಲ ಅಷ್ಟೆ. ನಾನು ಬಟ್ಟೆ ಒಗೆದು, ಬಾಟಲಿ ತೊಳೆದು, ಅವರ ಕೈ ಬಿಡುವು ಮಾಡಿಕೊಡಬಹುದಿತ್ತು. ಬಟ್ಟೆ ಒಗೆಯುವ ಫೋಟೋ ಊರಿಗೆ ಕಳಿಸಲು ಅಷ್ಟು ಚೆನ್ನಾಗಿರುವುದಿಲ್ಲ ನೋಡಿ.

ಇದು ನನ್ನೊಬ್ಬಳ ತಕರಾರಲ್ಲ. ಮೂರು ವರ್ಷದೊಳಗಿನ ಮಕ್ಕಳಿಗೆ ಬದಲಿ ಆರೈಕೆ ಕುಟುಂಬದ ವಾತಾವರಣದಲ್ಲೇ ಸಿಗಬೇಕು ಎಂದು ವಿಶ್ವಸಂಸ್ಥೆಯ 2009ರ ಮಾರ್ಗಸೂಚಿ ಹೇಳುತ್ತದೆ. 2019ರ ಡಿಸೆಂಬರಿನಲ್ಲಿ ಅದರ ಮಹಾಸಭೆಯ ನಿರ್ಣಯವೊಂದು, ಅನಾಥಾಲಯಗಳಲ್ಲಿನ ಸ್ವಯಂಸೇವಾ ಕಾರ್ಯಕ್ರಮಗಳಿಂದಾಗುವ ಹಾನಿಯನ್ನು ತಡೆಯಿರಿ ಎಂದು ದೇಶಗಳಿಗೆ ಕರೆ ಕೊಟ್ಟಿತು. ಅತಿಥಿಗಳೂ ಅವರ ಹಿಂದೆ ಹಣವೂ ಬರುತ್ತಿದ್ದರೆ, ಅಜ್ಜಿಯಿರುವ ಮಗುವನ್ನೂ ಅನಾಥವೆಂದು ಇಟ್ಟುಕೊಳ್ಳುವ ಆಸೆ ಹುಟ್ಟುತ್ತದೆ. ಎಲ್ಲ ಕಡೆಯೂ ಹಾಗೆಯೇ ಎನ್ನಲಾರೆ.

ಕಿರಿಯಳಿಗೆ ಹೋಗಬೇಡ ಎನ್ನಲಿಲ್ಲ. ಮೊದಲು ಒಂದು ಪತ್ರ ಬರೆ ಎಂದೆ. ನಿಮ್ಮಲ್ಲಿರುವ ಎಷ್ಟು ಕೂಸುಗಳಿಗೆ ಅಪ್ಪ, ಅಜ್ಜಿ, ಚಿಕ್ಕಮ್ಮ ಇದ್ದಾರೆ, ಅವರ ಮನೆಗಳಿಗೆ ನಿಮ್ಮವರು ಹೋಗಿ ಬರುತ್ತಾರೆಯೇ, ಮೂರು ವಾರ ನಾನು ಮಕ್ಕಳನ್ನು ಮುಟ್ಟದೆ ಅಡುಗೆಮನೆ, ಬಟ್ಟೆ ನೋಡಿಕೊಂಡರೆ ಒಪ್ಪುತ್ತೀರಾ ಎಂದು ಕೇಳು. ಅವಳ ಮುಖ ಸ್ವಲ್ಪ ಬಾಡಿತು. ಆದರೂ ಅಲ್ಲೇ ಕೂತು ಬರೆದಳು. ಉತ್ತರಕ್ಕೆ ಇಬ್ಬರೂ ಕಾಯುತ್ತಿದ್ದೇವೆ.