ಲೈಟರಿನೊಳಗಿನ ಕಣ್ಣು

ಅಂಗೈಯಲ್ಲಿ ಅಡಗುವ ಒಂದು ಸಿಗರೇಟು ಲೈಟರು. ಮುಚ್ಚಳ ತೆರೆದು ಹೆಬ್ಬೆರಳಿನಿಂದ ಚಕ್ರ ತಿರುವಿದರೆ ಚಕಮಕಿ ಕಲ್ಲಿನಿಂದ ಕಿಡಿ ಹಾರಿ ಬತ್ತಿ ಹೊತ್ತಿಕೊಳ್ಳುತ್ತದೆ. ಎದುರಿಗಿದ್ದವರು ಸಿಗರೇಟು ಹಚ್ಚಿಕೊಂಡು ಉಪಕಾರ ಸ್ಮರಿಸುತ್ತಾರೆ. ಅಷ್ಟರಲ್ಲಿ ಅವರ ಮುಖ ಅದೇ ಲೈಟರಿನ ಒಡಲಿನಲ್ಲಿರುವ ಫಿಲ್ಮಿನ ಮೇಲೆ ಮೂಡಿರುತ್ತದೆ! ಇದು ಪತ್ತೇದಾರಿ ಕಾದಂಬರಿಕಾರನ ಕಲ್ಪನೆಯಲ್ಲ. ಜಪಾನಿನ ಸುಝುಕಿ ಆಪ್ಟಿಕಲ್ ಎಂಬ ಸಂಸ್ಥೆ 1951ರ ಸುಮಾರಿಗೆ ತಯಾರಿಸಿ ಮಾರಿದ 'ಎಕೊ 8' ಎಂಬ ಕ್ಯಾಮರಾ. (ಸುಝುಕಿ ಎಂಬುದು ಜಪಾನಿನಲ್ಲಿ ತೀರ ಸಾಮಾನ್ಯವಾದ ಮನೆತನದ ಹೆಸರು, ವಾಚಕರು ಇದನ್ನು ಕಾರು ತಯಾರಿಸುವ ಕಂಪನಿಯೊಡನೆ ಬೆರೆಸಿಕೊಳ್ಳಬಾರದು.) ಇಂದು ಇದು ಸಂಗ್ರಾಹಕರು ಹುಡುಕಾಡುವ ಅಪರೂಪದ ವಸ್ತುವಾಗಿದೆ.

ಇದರ ಚಿತ್ರದ ಅಳತೆಯನ್ನು ನಮ್ಮ ಮನೆಗಳ ಭಾಷೆಯಲ್ಲಿಯೇ ಹೇಳುವುದು ಒಳ್ಳೆಯದು. ಬಡೋದೆಯಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಎಂಬ ಕಪ್ಪು ಪೆಟ್ಟಿಗೆ ಅನೇಕರಿಗೆ ನೆನಪಿರಬಹುದು. 120 ನಂಬರಿನ ಒಂದು ಸುರುಳಿಗೆ ಹನ್ನೆರಡು ಚಿತ್ರ. ಒಂದೊಂದೂ 6 ಸೆಂಟಿಮೀಟರ್ ಚೌಕ. ಎಕೊ 8ರ ಚಿತ್ರವೂ ಚೌಕವೇ, ಅಳತೆಯೂ ಆರೇ. ಆದರೆ ಅದು 6 ಮಿಲಿಮೀಟರ್! ಎಂದರೆ ಕ್ಲಿಕ್ 3ರ ಒಂದು ನೆಗೆಟಿವಿನ ಜಾಗದಲ್ಲಿ ಇದರ ನೂರು ಚಿತ್ರಗಳನ್ನು ಹಾಸಬಹುದು. ಕ್ಲಿಕ್ 3ರ ನೆಗೆಟಿವನ್ನು ಕಾಗದದ ಮೇಲೆ ನೇರವಾಗಿಟ್ಟು ಬೆಳಕು ಕೊಟ್ಟರೆ ಸಾಕು, ಆಲ್ಬಮಿಗೆ ಅಂಟಿಸುವಷ್ಟು ದೊಡ್ಡ ಪಟ ದೊರೆಯುತ್ತಿತ್ತು. ಎಕೊ 8ರ ನೆಗೆಟಿವನ್ನು ಹಾಗೆ ಇಟ್ಟರೆ ದೊರೆಯುವುದು ಕಡಲೆ ಕಾಳಿನಷ್ಟು ಚಿತ್ರ. ಅದನ್ನು 9 ಸೆಂಟಿಮೀಟರಿಗೆ ಹಿಗ್ಗಿಸಬೇಕಾದರೆ ಉದ್ದಗಲಗಳೆರಡನ್ನೂ ಹದಿನೈದು ಪಟ್ಟು ಮಾಡಬೇಕು. ಚಿತ್ರದ ಜೊತೆಗೆ ಫಿಲ್ಮಿನ ಬೆಳ್ಳಿಯ ಕಣಗಳೂ, ಮೇಲೆ ಕುಳಿತ ಧೂಳೂ ಅಷ್ಟೇ ಪಟ್ಟು ಹಿಗ್ಗುತ್ತವೆ. ಮುಖವೇನೋ ಗುರುತು ಸಿಗುತ್ತದೆ. ಮುಖದ ಮೇಲೆ ರವೆ ಚೆಲ್ಲಿದಂತೆಯೂ ಕಾಣುತ್ತದೆ.

ಹೆಸರಿನಲ್ಲಿರುವ 8 ಫಿಲ್ಮಿನ ಅಗಲವನ್ನು ಸೂಚಿಸುತ್ತದೆ. 16 ಮಿಲಿಮೀಟರಿನ ಸಿನಿಮಾ ಫಿಲ್ಮನ್ನು ಉದ್ದಕ್ಕೆ ಎರಡಾಗಿ ಸೀಳಿ, ಪುಟ್ಟ ಡಬ್ಬಿಯಲ್ಲಿ ಸುತ್ತಿ ಒಳಗಿಡಬೇಕು. ಇದಷ್ಟೂ ಕತ್ತಲಲ್ಲಿ ನಡೆಯಬೇಕಾದ ಕೆಲಸ. ಮಸೂರದ ನಾಭಿದೂರ ಕೇವಲ 15 ಮಿಲಿಮೀಟರ್. ಇಷ್ಟು ಗಿಡ್ಡ ನಾಭಿದೂರದ ಮಸೂರಕ್ಕೆ ಒಂದು ಸಹಜ ಗುಣವುಂಟು: ಹತ್ತಿರದ್ದೂ ದೂರದ್ದೂ ಸಾಕಷ್ಟು ಸ್ಪಷ್ಟವಾಗಿಯೇ ಬೀಳುವುದರಿಂದ ಪ್ರತಿ ಸಲವೂ ದೂರವನ್ನು ಸರಿಹೊಂದಿಸುವ ಗೊಡವೆಯಿಲ್ಲ. ಗುಟ್ಟಾಗಿ ಚಿತ್ರ ತೆಗೆಯುವವನಿಗೆ ಇದಕ್ಕಿಂತ ಅನುಕೂಲ ಬೇರೇನು ಬೇಕು? ಮಸೂರ ಲೈಟರಿನ ಮೈಯಲ್ಲಿದೆ; ದೃಶ್ಯವನ್ನು ನೋಡುವ ಕಿಂಡಿ ಮುಚ್ಚಳದ ಕೆಳಗೆ, ಬತ್ತಿಯ ಪಕ್ಕದಲ್ಲಿ. ಲೈಟರನ್ನು ಎದೆಯ ಮಟ್ಟದಲ್ಲಿ ಹಿಡಿದು ತಲೆ ತಗ್ಗಿಸಿದರೆ, ಬೆಂಕಿ ಹಚ್ಚಲು ಬಗ್ಗಿದಂತೆಯೇ ತೋರುತ್ತದೆ. ಬೆಳಕಿಂಡಿ ತೆರೆದು ಮುಚ್ಚುವ ವೇಗ ಮಾತ್ರ ಒಂದೇ, ಸೆಕೆಂಡಿನ ಐವತ್ತನೆಯ ಒಂದು ಭಾಗ. ಆ ಕಾಲದ ಫಿಲ್ಮಿಗೆ ಈ ವೇಗದಲ್ಲಿ ಒಳ್ಳೆಯ ಹಗಲು ಬೆಳಕೇ ಬೇಕು. ಲೈಟರಿನ ಜ್ವಾಲೆ ಯಾರ ಮುಖವನ್ನೂ ಚಿತ್ರಕ್ಕೆ ಸಾಕಾಗುವಷ್ಟು ಬೆಳಗಲಾರದು. ಕತ್ತಲ ಕೋಣೆಯ ರಹಸ್ಯಗಳಿಗೆ ಈ ಯಂತ್ರ ನಿರುಪಯೋಗಿ ಎಂಬುದೊಂದು ಸಮಾಧಾನ.

ಇಂಥದೊಂದು ವಸ್ತು ಜಪಾನಿನಲ್ಲಿ ಆ ವರ್ಷಗಳಲ್ಲಿಯೇ ಹುಟ್ಟಿದ್ದು ಆಕಸ್ಮಿಕವಲ್ಲ. 1945ರಲ್ಲಿ ಸೋತು ಸುಣ್ಣವಾದ ಆ ದೇಶ 1952ರ ಏಪ್ರಿಲ್ 28ರವರೆಗೆ ಮಿತ್ರರಾಷ್ಟ್ರಗಳ ಸೇನಾಡಳಿತದಲ್ಲಿತ್ತು. ಹೊರದೇಶಕ್ಕೆ ಹೋಗುವ ಸರಕಿನ ಮೇಲೆ 'ಆಕ್ರಮಿತ ಜಪಾನಿನಲ್ಲಿ ತಯಾರಾದದ್ದು' ಎಂಬರ್ಥದ ಮುದ್ರೆ ಬೀಳುತ್ತಿತ್ತು. ಸ್ವಂತ ದುಡಿಮೆಯ ಮೇಲೆ ಸ್ವಂತ ಸೋಲನ್ನು ಕೆತ್ತಿ ಕಳುಹಿಸಬೇಕಾದ ಕಾಲವದು. ಕೈಯಲ್ಲಿ ಕಸುಬಿತ್ತು, ಲೋಹ, ಗಾಜು, ಫಿಲ್ಮು ಎಲ್ಲಕ್ಕೂ ಬರವಿತ್ತು. ಹೀಗಿರುವಾಗ ಚಿಕ್ಕದನ್ನು ಮಾಡುವುದೇ ಜಾಣತನ. 14 ಮಿಲಿಮೀಟರ್ ಚೌಕದ ಚಿತ್ರ ತೆಗೆಯುವ 'ಹಿಟ್' ಎಂಬ ಆಟಿಕೆಯಂಥ ಕ್ಯಾಮರಾಗಳು ಅಗ್ಗದ ಬೆಲೆಗೆ ರಾಶಿ ರಾಶಿಯಾಗಿ ಹೊರಬಂದವು. 1949ರಲ್ಲಿ ಮಾಮಿಯಾ 16, 1957ರಲ್ಲಿ ಮಿನೋಲ್ಟಾ 16 ಎಂಬ ಗಂಭೀರ ಸ್ವರೂಪದ ಪುಟ್ಟ ಕ್ಯಾಮರಾಗಳು ಬಂದವು. ಮುಂದೆ ಜಗತ್ತಿನ ಮಾರುಕಟ್ಟೆಯನ್ನು ಆಳಿದ ಜಪಾನಿ ಛಾಯಾಗ್ರಹಣ ಉದ್ಯಮದ ಕೈ ಪಳಗಿದ್ದರಲ್ಲಿ ಇಂಥ ಸಣ್ಣ ಕೆಲಸಗಳ ಪಾಲೂ ಉಂಟು.

ಆದರೆ ಅವೆಲ್ಲ ಕ್ಯಾಮರಾಗಳೆಂದು ಹೇಳಿಕೊಂಡೇ ಬಂದವು. ಎಕೊ 8 ಬೇರೊಂದರ ವೇಷ ತೊಟ್ಟು ಬಂದಿತು. ಅದರ ಕೌಶಲವನ್ನು ಮೆಚ್ಚುವ ಮನಸ್ಸು ಅದರ ಉದ್ದೇಶದ ಮುಂದೆ ಸ್ವಲ್ಪ ಹಿಂಜರಿಯುತ್ತದೆ. ಹಿಂದೆ ನಮ್ಮ ಮನೆಗಳಲ್ಲಿ ಪಟ ತೆಗೆಯುವುದೆಂದರೆ ಒಂದು ಸಂಭ್ರಮ. ಕುರ್ಚಿ ಹಾಕಿ, ಮಕ್ಕಳನ್ನು ಮುಂದೆ ಕೂರಿಸಿ, ಅಜ್ಜಿ ಸೆರಗು ಸರಿಪಡಿಸಿಕೊಳ್ಳುವವರೆಗೆ ಕಾಯಬೇಕು. ಬೇಡವೆನ್ನುವವರು ಎದ್ದು ಒಳಗೆ ಹೋಗಬಹುದು. ಆ ಕಾಯುವಿಕೆಯಲ್ಲಿ ಒಂದು ಅನುಮತಿಯಿತ್ತು. ಯಾರೂ ಬಾಯಿಬಿಟ್ಟು ಕೇಳದಿದ್ದರೂ ಇತ್ತು. ಲೈಟರಿನ ವೇಷ ಕಿತ್ತುಕೊಂಡದ್ದು ಅದನ್ನೇ.

ಇಂದು ಪ್ರತಿಯೊಬ್ಬರ ಜೇಬಿನಲ್ಲಿಯೂ ಅದೇ ವೇಷದ ಯಂತ್ರವಿದೆ. ಮಾತಾಡುವ ಫೋನಿಗೆ ಕ್ಯಾಮರಾ ಜೋಡಿಸುವ ಕೆಲಸದಲ್ಲಿಯೂ ಜಪಾನು ಮುಂದಾಳೇ. ಶಾರ್ಪ್ ಕಂಪನಿಯ ಅಂಥ ಫೋನು ಅಲ್ಲಿ 2000ದ ನವೆಂಬರಿನಲ್ಲಿ ಮಾರಾಟಕ್ಕೆ ಬಂದಿತು. ಸ್ವಾರಸ್ಯವಿರುವುದು ಅನಂತರದ ನಡೆಯಲ್ಲಿ. ಕದ್ದು ಚಿತ್ರ ತೆಗೆಯುವವರ ಕಾಟ ಹೆಚ್ಚಿದಾಗ, ಚಿತ್ರ ತೆಗೆದೊಡನೆ ಫೋನು 'ಕ್ಲಿಕ್' ಎಂದು ಸದ್ದು ಮಾಡಲೇಬೇಕು, ಬಳಸುವವರು ಅದನ್ನು ಆರಿಸಲು ಬರಬಾರದು ಎಂಬ ಕಟ್ಟುಪಾಡನ್ನು ಅಲ್ಲಿನ ಉದ್ಯಮದವರು ತಾವಾಗಿಯೇ ಹಾಕಿಕೊಂಡರು. ಕಾನೂನಿನ ಒತ್ತಾಯವಿಲ್ಲದೆ ಬಂದ ಪದ್ಧತಿಯಿದು. ಲೈಟರಿನಲ್ಲಿ ಕಣ್ಣನ್ನು ಬಚ್ಚಿಟ್ಟ ನಾಡೇ ಐವತ್ತು ವರ್ಷಗಳ ತರುವಾಯ ಆ ಕಣ್ಣಿಗೆ ಗೆಜ್ಜೆ ಕಟ್ಟಿತು!

ನಮ್ಮ ದೇಶದಲ್ಲಿ ಖಾಸಗಿ ಸ್ಥಿತಿಯಲ್ಲಿರುವ ಹೆಣ್ಣಿನ ಚಿತ್ರವನ್ನು ಕದ್ದು ತೆಗೆಯುವುದು 2013ರಿಂದ ಪ್ರತ್ಯೇಕ ಅಪರಾಧವಾಗಿದೆ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಲ್ಲಿದೆ. ಅದು ಘೋರ ಪ್ರಸಂಗಗಳ ಮಾತು. ಮದುವೆಯ ಪಂಕ್ತಿಯಲ್ಲಿ ತುತ್ತು ಬಾಯಿಗಿಡುತ್ತಿರುವ ಚಿಕ್ಕಮ್ಮನನ್ನು, ಆಸ್ಪತ್ರೆಯ ಮಂಚದ ಮೇಲಿರುವ ಮಾವನನ್ನು ಕೇಳದೆ ಚಿತ್ರ ತೆಗೆದು ನೂರು ಜನರಿಗೆ ಹಂಚುವುದನ್ನು ಯಾವ ಕಲಮು ತಡೆಯಬೇಕು? ಇದು ಮನೆಯ ಹಿರಿಯರೇ ಮಕ್ಕಳಿಗೆ ಕಲಿಸಬೇಕಾದ ನಡತೆ. ಫೋನಿನ ಸದ್ದನ್ನು ಆರಿಸದೆ ಇಡುವುದರಿಂದಲೇ ಆರಂಭಿಸಬಹುದು.

ಎಕೊ 8ಕ್ಕೆ ಕೀರ್ತಿ ತಂದದ್ದು 1953ರಲ್ಲಿ ತೆರೆಕಂಡ 'ರೋಮನ್ ಹಾಲಿಡೇ' ಚಿತ್ರ. ವಿಲಿಯಂ ವೈಲರ್ ನಿರ್ದೇಶಿಸಿದ ಆ ಚಿತ್ರದಲ್ಲಿ ಆಡ್ರೆ ಹೆಪ್ಬರ್ನ್ ರಾಜಕುಮಾರಿ. ಕಟ್ಟುಪಾಡುಗಳಿಂದ ಬೇಸತ್ತು ಅರಮನೆಯವರ ಕಣ್ಣು ತಪ್ಪಿಸಿ ರೋಮ್ ನಗರದ ಬೀದಿಗೆ ಇಳಿಯುತ್ತಾಳೆ. ಗ್ರೆಗರಿ ಪೆಕ್ ವಹಿಸಿದ ಪತ್ರಕರ್ತ ಆಕೆ ಯಾರೆಂದು ತಿಳಿದೂ ತಿಳಿಯದವನಂತೆ ಊರು ತೋರಿಸುತ್ತಾನೆ. ಆ ಸುದ್ದಿಗೆ 5000 ಡಾಲರ್ ಬರುವುದಿದೆ. ಎಡ್ಡಿ ಆಲ್ಬರ್ಟ್ ವಹಿಸಿದ ಅವನ ಗೆಳೆಯ ಛಾಯಾಗ್ರಾಹಕ. ಕಾಫಿ ಅಂಗಡಿಯೊಂದರಲ್ಲಿ ರಾಜಕುಮಾರಿ ಜೀವನದಲ್ಲಿ ಮೊದಲ ಸಿಗರೇಟು ಸೇದುತ್ತಾಳೆ. ಗೆಳೆಯನ ಕೈಯಲ್ಲಿ ಲೈಟರು ಕೆಲಸ ಮಾಡುತ್ತದೆ. ಅವಳಿಗೆ ಗೊತ್ತಾಗುವುದಿಲ್ಲ.

ಒಂದು ದಿನದ ಅಲೆದಾಟ ಮುಗಿದು ಅವಳು ತನ್ನ ದೇಶದ ರಾಯಭಾರ ಕಚೇರಿಗೆ ಮರಳುತ್ತಾಳೆ. ಪತ್ರಕರ್ತ ಸುದ್ದಿ ಬರೆಯುವುದಿಲ್ಲ, ಹಣ ಕೈಬಿಡುತ್ತಾನೆ. ಕೊನೆಗೆ ರಾಜಕುಮಾರಿ ಪತ್ರಿಕೆಯವರನ್ನು ಭೇಟಿಯಾಗುವ ಸಭೆ. ಸಾಲಿನಲ್ಲಿ ಅವರಿಬ್ಬರೂ ನಿಂತಿದ್ದಾರೆ. ಛಾಯಾಗ್ರಾಹಕ ಜೇಬಿನಿಂದ ಲೈಟರು ತೆಗೆದು, ಈ ಸಲ ಅವಳ ಕಣ್ಣೆದುರಿಗೇ ಕ್ಲಿಕ್ಕಿಸುತ್ತಾನೆ. ಅವಳ ಕಣ್ಣು ಅರಳುತ್ತದೆ. ನಿನ್ನೆಯ ಲೈಟರಿನ ಗುಟ್ಟು ತಿಳಿಯುತ್ತದೆ. ಅವಳು ಸಾಲಿನುದ್ದಕ್ಕೂ ಕೈಕುಲುಕುತ್ತ ಬಂದಾಗ ಆತ ಒಂದು ಲಕೋಟೆಯನ್ನು ಮುಂದೆ ಚಾಚಿ, ರೋಮ್ ಭೇಟಿಯ ನೆನಪಿನ ಚಿತ್ರಗಳೆಂದು ಒಪ್ಪಿಸುತ್ತಾನೆ. ಲಕೋಟೆಯ ಬಾಯನ್ನು ಚೂರು ತೆರೆದು ಇಣುಕಿ ನೋಡಿ, ವಂದನೆ ಹೇಳಿ, ಅದನ್ನು ಕೈಯಲ್ಲಿಯೇ ಹಿಡಿದುಕೊಂಡು ಅವಳು ಮುಂದಿನವರ ಕಡೆಗೆ ತಿರುಗುತ್ತಾಳೆ.