ಬಾಗಿಲಿಗೆ ಬಂದ ಪಾರ್ಸೆಲ್ ಕಾಣೆಯಾದರೆ

ಚೌತಿ ಸಮೀಪಿಸಿತೆಂದರೆ ಊರಿನಿಂದ ಮುಂಬಯಿಗೆ ಬರುವ ಪಾರ್ಸೆಲ್‌ಗಳು ಹೆಚ್ಚುತ್ತವೆ. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ತಾಯಿ ಕಳುಹಿಸಿದ ಸೀರೆ. ಗಂಡ ಹೆಂಡತಿ ಇಬ್ಬರೂ ಬೆಳಗ್ಗಿನ ಲೋಕಲ್ ಹಿಡಿಯುವ ಮನೆಗಳಲ್ಲಿ ಇವನ್ನು ತೆಗೆದುಕೊಳ್ಳುವವರು ಯಾರು? ಕೊರಿಯರ್ ಹುಡುಗ ವಾಚ್‌ಮನ್ ಕೈಗೋ, ಬಾಗಿಲ ಬಳಿಯ ಚಪ್ಪಲಿ ಸ್ಟ್ಯಾಂಡಿನ ಮೇಲೋ ಇಟ್ಟು ಹೋಗುತ್ತಾನೆ. ಸಂಜೆ ಬಂದು ನೋಡಿದರೆ ಮೊಬೈಲಿನಲ್ಲಿ 'ತಲುಪಿಸಲಾಗಿದೆ' ಎಂಬ ಸಂದೇಶವಿದೆ, ಪೊಟ್ಟಣವಿಲ್ಲ.

ಠಾಣೆಗೆ ಹೋದರೆ ಎನ್.ಸಿ. ಬರೆದುಕೊಂಡು ಕಳುಹಿಸುತ್ತಾರೆ ಎಂಬುದು ಹಲವರ ಅಳಲು. ಇದರ ಹಿಂದೆ ಉದಾಸೀನ ಮಾತ್ರವಲ್ಲ, ಕಾನೂನೂ ಇದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಂತೆ ಕಳ್ಳತನಕ್ಕೆ 3 ವರ್ಷಗಳ ವರೆಗೆ ಸಜೆ. ಆದರೆ ಸೊತ್ತಿನ ಮೌಲ್ಯ 5,000 ರೂ.ಗಿಂತ ಕಡಿಮೆಯಿದ್ದರೆ ಅದು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ಹಪ್ಪಳದ ಕಟ್ಟು ಈ ಮಿತಿಯನ್ನು ದಾಟುವುದುಂಟೆ?

ಆದುದರಿಂದ ದೂರನ್ನು ಹೇಗೆ ಬರೆಯಲಾಗಿದೆ ಎಂಬುದು ಮುಖ್ಯ. ವಾಸದ ಕಟ್ಟಡದೊಳಗಿನ ಕಳ್ಳತನ 305ನೇ ಕಲಮಿಗೆ ಸೇರುತ್ತದೆ. ಸಜೆ 7 ವರ್ಷಗಳ ವರೆಗೆ, ಮೌಲ್ಯದ ಮಿತಿಯಿಲ್ಲ. ಸಾಗಿಸಲು ಒಪ್ಪಿಸಿದ್ದನ್ನು ಸಾಗಿಸುವವನೇ ನುಂಗಿದರೆ 316ನೇ ಕಲಮಿನ ವಿಶ್ವಾಸದ್ರೋಹ, ಅದಕ್ಕೂ 7 ವರ್ಷ. 'ಪಾರ್ಸೆಲ್ ಕಳೆದುಹೋಗಿದೆ' ಎಂದಷ್ಟೇ ಬರೆದುಕೊಟ್ಟರೆ ಇವೆರಡೂ ಕೈತಪ್ಪುತ್ತವೆ. ಎಲ್ಲಿ ಇಟ್ಟಿದ್ದರು, ಯಾರ ಕೈಗೆ, ಎಷ್ಟು ಗಂಟೆಗೆ ಎಂಬುದನ್ನು ನಮೂದಿಸಬೇಕು. ಸಿಸಿಟಿವಿ ದೃಶ್ಯ ಅಳಿದುಹೋಗುವ ಮೊದಲೇ ಸೊಸೈಟಿಯ ಸೆಕ್ರೆಟರಿಗೆ ಪತ್ರ ಕೊಡಬೇಕು. ಎಫ್‌ಐಆರ್ ದಾಖಲಾದರೆ ಅದರ ಪ್ರತಿ ಉಚಿತ. 90 ದಿನಗಳೊಳಗೆ ತನಿಖೆಯ ಪ್ರಗತಿಯನ್ನು ತಿಳಿಸುವುದು ಪೊಲೀಸರ ಕರ್ತವ್ಯ.

ಅಂಚೆಯ ವಿಷಯದಲ್ಲಿ ಹಳೆಯದೇ ವಾಸಿ ಎನ್ನುವಂತಾಗಿದೆ. 1898ರ ಕಾಯಿದೆಯಲ್ಲಿ ಟಪಾಲು ಕದ್ದ ಅಂಚೆ ಸಿಬ್ಬಂದಿಗೆ 7 ವರ್ಷಗಳ ವರೆಗೆ ಸಜೆ ವಿಧಿಸುವ ಪ್ರತ್ಯೇಕ ಕಲಮಿತ್ತು. 2024ರ ಜೂನ್ 18ರಿಂದ ಜಾರಿಗೊಂಡ ಹೊಸ ಅಂಚೆ ಕಾಯಿದೆಯಲ್ಲಿ ಅದಿಲ್ಲ; ನ್ಯಾಯ ಸಂಹಿತೆಯನ್ನೇ ಆಶ್ರಯಿಸಬೇಕು. ಇಲಾಖೆಯ ಹೊಣೆ ಮಾತ್ರ ನಿಯಮದಲ್ಲಿ ಹೇಳಿದಷ್ಟಕ್ಕೇ ಸೀಮಿತ. 125 ವರ್ಷಗಳ ಬಳಿಕ ಕಾಯಿದೆ ಬದಲಾಯಿಸುವಾಗ ಕಳೆದುಕೊಂಡವರನ್ನು ಮರೆತದ್ದು ವಿಷಾದನೀಯ. ಬೆಲೆಬಾಳುವ ವಸ್ತುವನ್ನು ಇನ್ಶೂರ್ ಮಾಡಿಯೇ ಕಳುಹಿಸುವುದು ಲೇಸು.

ಖಾಸಗಿ ಕೊರಿಯರ್ ಅಥವಾ ಆನ್‌ಲೈನ್ ಖರೀದಿಯಾದರೆ ಪರಿಹಾರಕ್ಕಾಗಿ ಕಳ್ಳ ಸಿಗುವ ತನಕ ಕಾಯಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಉಡುಪಿಯಲ್ಲಿ ಬುಕ್ ಮಾಡಿದ ಪಾರ್ಸೆಲ್‌ಗಾಗಿ ಡೊಂಬಿವಲಿಯವರು ಊರಿಗೆ ಓಡಬೇಕಿಲ್ಲ. ಅವಧಿ 2 ವರ್ಷ, ವಕೀಲರು ಕಡ್ಡಾಯವಲ್ಲ. ಅದಕ್ಕೂ ಮೊದಲು 1915 ಸಹಾಯವಾಣಿಗೆ ಕರೆಮಾಡಿ ನೋಡಬಹುದು. ಟ್ರಾನ್ಸ್‌ಪೋರ್ಟ್ ಲಾರಿಯಲ್ಲಿ ಬಂದ ಸಾಮಾನಾದರೆ, ಬುಕ್ ಮಾಡಿದ 180 ದಿನಗಳೊಳಗೆ ಲಿಖಿತ ನೋಟಿಸು ಕೊಡದಿದ್ದಲ್ಲಿ ದಾವೆ ಹೂಡಲು ಬರುವುದಿಲ್ಲ.

ಇಷ್ಟೆಲ್ಲ ಇದ್ದರೂ ಮರಾಠಿಯಲ್ಲಿ ದೂರು ಬರೆಯಲು ಬಾರದ ಹಿರಿಯರು ಠಾಣೆಯ ಮೆಟ್ಟಿಲು ಹತ್ತಲು ಹಿಂಜರಿಯುತ್ತಾರೆ. ಹೆಚ್ಚಿನ ಕನ್ನಡ ಸಂಘಗಳಲ್ಲಿ ವಕೀಲ ಸದಸ್ಯರಿದ್ದಾರೆ. ವಾರ್ಷಿಕೋತ್ಸವದಲ್ಲಿ ಅವರಿಗೆ ಶಾಲು ಹೊದಿಸುವುದರ ಜತೆಗೆ, ತಿಂಗಳಿಗೊಂದು ರವಿವಾರ ಸಂಘದ ಕಚೇರಿಯಲ್ಲಿ ದೂರು ಬರೆದುಕೊಡಲು ಕೂರಿಸಿದರೆ ಸಂಘಕ್ಕೆ ಖರ್ಚೇನೂ ಇಲ್ಲ, ಒಂದು ಚಹಾದ ಹೊರತು.